ಹಳೇ ಕಾಗದದ ಹಿಂಬದಿ

ಮೂರನೇ ಸಲವೂ ಡಿಸೈನ್ ವಾಪಸ್ ಬಂತು. ಲಗ್ನಪತ್ರಿಕೆಯ ಸುತ್ತ ಕುಸುಮಾಕ್ಷಿ ಕಂಪ್ಯೂಟರಿನಲ್ಲಿ ಬಿಡಿಸಿದ್ದ ಬಳ್ಳಿ ಗಿರಾಕಿಗೆ ಹಿಡಿಸಿತ್ತು. ಆದರೆ ಅದು ಅಜ್ಜನ ಪೆಟ್ಟಿಗೆಯಿಂದ ತೆಗೆದ ಹಳೇ ಕಾಗದದ ಮೇಲಿದ್ದ ಹಾಗೆ ಕಾಣಬೇಕಂತೆ.

“ಕಂದು ಬಣ್ಣ ಬಳಿದ್ರೆ ಹಳೇದಾಗಲ್ಲ ಸರ್. ನಿಜವಾದ ಹಳೇ ಕಾಗದ ಸ್ಕ್ಯಾನ್ ಮಾಡಿ ಡಿಸೈನಿನ ಹಿಂದೆ ಕೂರಿಸ್ಬೇಕು,” ಎಂದಳು.

“ಅಟ್ಟದಲ್ಲಿ ಹಳೇ ಫೈಲುಗಳ ರಾಶಿನೇ ಇದೆ. ಯಾವುದಾದರೂ ಹಾಳೆಯ ಖಾಲಿ ಹಿಂಬದಿ ತಗೋ,” ಎಂದರು ಪ್ರೆಸ್ಸಿನ ಮಾಲೀಕರು.

ಅವಳು ಕದಲಲಿಲ್ಲ. “ಸರ್, ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್... ಬೇರೆ ಕಡೆ ಕೆಲಸಕ್ಕೆ ಹೋದ್ರೆ ಅದನ್ನೇ ಕೇಳ್ತಾರೆ.”

“ಎಷ್ಟು ಸಲ ಹೇಳೋದು? ಸೇರುವಾಗ ನೀನು ಕೊಟ್ಟಿದ್ದು ಹೆಡ್ ಆಫೀಸಿನಲ್ಲಿ ಭದ್ರವಾಗಿದೆ. ತರಿಸೋಣ. ಮೊದಲು ಇದನ್ನ ಮುಗಿಸು.”

ಆರು ವರ್ಷದಿಂದ ಅದೇ ಉತ್ತರ. ಅಷ್ಟರಲ್ಲಿ ಎರಡು ಒಳ್ಳೆಯ ಕೆಲಸ ಕೈತಪ್ಪಿದ್ದವು.

ಅಟ್ಟದಿಂದ ಇಳಿಸಿದ ಕಟ್ಟನ್ನು ಮಗುಚಿ ಹಾಕಿ, ಬರೀ ಹಿಂಬದಿಗಳನ್ನೇ ನೋಡುತ್ತಾ ಹೋದಳು. ಒಂದು ದಪ್ಪ ಹಾಳೆ ಹೇಳಿಮಾಡಿಸಿದಂತಿತ್ತು. ಸೋರಿದ ನೀರಿನ ಕಂದು ಕಲೆ, ಅಂಚಿನಲ್ಲಿ ಗೆದ್ದಲು ತಿಂದ ಗುರುತು. ಗಿರಾಕಿ ಇನ್ನು ಬೇಡ ಅನ್ನುವಂತಿರಲಿಲ್ಲ. ಕಲೆಯ ಬದಿಯನ್ನು ಸ್ಕ್ಯಾನರಿನ ಗಾಜಿಗೆ ಮಾಡಿ ಮಲಗಿಸಿದಾಗ ಹಾಳೆಯ ಮುಂಬದಿ ಮೇಲೆ ಬಂತು. ವಿಶ್ವವಿದ್ಯಾಲಯದ ಮುದ್ರೆ, ಅದರ ಕೆಳಗೆ ಅವಳದೇ ಹೆಸರು.

“ಸಿಕ್ತೇನಮ್ಮಾ ಹಳೇ ಕಾಗದ?” ಮಾಲೀಕರು ಒಳಗಿನಿಂದ ಕೂಗಿದರು.

“ಸಿಕ್ತು ಸರ್,” ಎಂದು ಕುಸುಮಾಕ್ಷಿ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.