ಬಾಯಿಂದ ಬಂದ ಹೆಸರು

“ಪೇಷಂಟ್ ಹೆಸರು ಹೇಳ್ರಿ ಆಯಿ,” ಎಂದು ನರ್ಸ್ ಪ್ರಣಿತಾ ಇನ್ಸುಲಿನ್ ತುಂಬಿದ ಸಿರಿಂಜ್ ಹಿಡಿದು ಮತ್ತೆ ಕೇಳಿದಾಗ ತುಳಜಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಮನಾಬಾದಿನ ಆ ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿಸಿಕೊಂಡು ಮಲಗಿದ್ದ ಗಂಡನಿಗೆ ಮಾತು ಹೊರಡುತ್ತಿರಲಿಲ್ಲ. ಅವಳೋ ಗಂಡನ ಹೆಸರನ್ನು ಇದುವರೆಗೆ ಬಾಯಿಬಿಟ್ಟು ಹೇಳಿದವಳೇ ಅಲ್ಲ.

“ನಮ್ಮ ಗುರುನಾಥನ ಅಪ್ಪರಿ. ನೀವೇ ಹೆಸರು ಹೇಳ್ರಿ, ನಾ ಹೌದಂತೀನಿ.”

“ನಾ ಹೇಳಿದ್ರ ಗಾಬರ್ಯಾಗ ಎಲ್ಲಾರೂ ಹೌದಂತಾರ. ನಿಮ್ಮ ಬಾಯಿಂದ ಕೇಳಲಾರದೆ ನಾ ಸೂಜಿ ಮಾಡಂಗಿಲ್ರಿ.”

ಎಂಥ ಮೊಂಡು ಹುಡುಗಿ! ತುಳಜಾಬಾಯಿ ಸಿಟ್ಟಿನಲ್ಲೇ ಗೋಡೆಯ ಕಡೆ ತಿರುಗಿ ಪಿಸುಗುಟ್ಟಿದಳು: “ಮಹಾರುದ್ರಪ್ಪ.”

ಪ್ರಣಿತಾಳ ಕೈ ಅಲ್ಲೇ ನಿಂತಿತು. “ಇದು ಈ ಬೆಡ್ಡಿನ್ಯಾಗಿದ್ದ ವೀರಭದ್ರಪ್ಪನವರ ಸೂಜಿರಿ. ಮುಂಜಾನಿ ಬೆಡ್ ಬದಲಿ ಮಾಡ್ಯಾರ, ನನಗ ಯಾರೂ ಹೇಳಿಲ್ಲ. ಶುಗರ್ ಇಲ್ದವರಿಗಿ ಇದು ಹೋದ್ರ ಜೀವಕ್ಕ ಕುತ್ತು.”

 ತುಳಜಾಬಾಯಿ ಎರಡೂ ಕೈಯಿಂದ ಆ ಮೊಂಡು ಹುಡುಗಿಯ ದೃಷ್ಟಿ ತೆಗೆದು ಲಟಿಕೆ ಮುರಿದಳು.

ಸ್ವಲ್ಪ ಹೊತ್ತಿಗೆ ಪ್ರಣಿತಾ ಬೇರೆ ಸಿರಿಂಜ್ ಹಿಡಿದು ಬಂದಳು. ಅವಳು ಕೇಳುವ ಮೊದಲೇ ತುಳಜಾಬಾಯಿ ಸೆರಗು ಸರಿಸಿ, ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು: “ಮಹಾರುದ್ರಪ್ಪರಿ! ಕೊಡಂಬಲದ ಮಹಾರುದ್ರಪ್ಪ!”