ಹುಡುಕಿದರೂ ಸಿಗದ ಗಾಯಕಿ

"ನನ್ನನ್ನ ಎಲ್ಲೆಲ್ಲಿ ಹುಡುಕಿದ್ರಿ ಅಂತ ಸ್ವಲ್ಪ ಹೇಳ್ತೀರಾ?" ಎಂದು ಆ ಮುದುಕಿ ಕೇಳಿದಾಗ ರೆಕಾರ್ಡ್ ಅಂಗಡಿಯ ಯಜಮಾನನಿಗೆ ನಗು ಬಂತು. ವಿಳಾಸ ತಪ್ಪಿ ಬಂದಿರಬೇಕು ಪಾಪ ಎಂದುಕೊಂಡ. ಆಕೆ ಕೈಚೀಲದಿಂದ ಒಂದು ಆಲ್ಬಮ್ ತೆಗೆದು ಮೇಜಿನ ಮೇಲಿಟ್ಟಳು. ಅವನೇ ಹೊರತಂದ ಸಂಕಲನ. ಹಿಂಬದಿಯಲ್ಲಿದ್ದ ಪಟ್ಟಿಯ ಒಂಬತ್ತನೇ ಹಾಡಿನ ಮೇಲೆ ಬೆರಳಿಟ್ಟು, "ಇದು ನಾನೇ ಹಾಡಿದ್ದು," ಎಂದಳು.

ಗಿರಾಕಿಗಳು ಅವನಿಗಿಟ್ಟಿದ್ದ ಅಡ್ಡಹೆಸರು 'ಅಪರೂಪ'. ಬಾಯಿ ತೆರೆದರೆ ಅದೇ ಮಾತು: ಇದು ಅಪರೂಪದ ಜಾಝ್, ಅದು ಅಪರೂಪದ ಫಂಕ್, ಇದು ಯಾವುದೋ ದ್ವೀಪದ ಮದುವೆ ಬ್ಯಾಂಡು, ಅಪರೂಪದಲ್ಲಿ ಅಪರೂಪ. ಯಾರದೋ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ರೆಕಾರ್ಡುಗಳನ್ನು ತಂದು, ಒರೆಸಿ, ಕೇಳಿ, ಹದಿನಾಲ್ಕು ಹಾಡು ಆರಿಸಿ ಒಂದು ಸಂಕಲನ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದನ್ನು ಒಪ್ಪಲೇಬೇಕು. ಈ ಐದನೆಯ ಸಂಕಲನವಂತೂ ವರ್ಷದ ಮೆಚ್ಚಿನ ಆಲ್ಬಮ್‌ಗಳ ಪಟ್ಟಿಗಳಲ್ಲೆಲ್ಲ ಮೊದಲು ಬಂದಿತ್ತು. ಅದರೊಳಗಿನ ಪುಸ್ತಿಕೆಯಲ್ಲಿ ಒಂಬತ್ತನೇ ಹಾಡಿನ ಬಗ್ಗೆ ಅವನು ಬರೆದಿದ್ದನ್ನು ಜನ ಹಾಡಿಗಿಂತ ಹೆಚ್ಚು ಹೊಗಳಿದ್ದರು. 'ಮೂರು ವರ್ಷ ಬೀದಿ ಬೀದಿ ಅಲೆದೆ, ಈ ಕಂಠದ ಒಡತಿ ಸಿಗಲಿಲ್ಲ. ಅವರ ಪಕ್ಕದಲ್ಲೇ ನಿಂತು ಟ್ರಂಪೆಟ್ ಊದಿದವರನ್ನು ಕೇಳಿದೆ. ಅಂಥವಳೊಬ್ಬಳು ಇದ್ದ ನೆನಪೇ ನನಗಿಲ್ಲ ಎಂದುಬಿಟ್ಟರು.'

ಅವನು ಅಲೆದದ್ದೂ ಇಲ್ಲ, ಯಾರನ್ನೂ ಕೇಳಿದ್ದೂ ಇಲ್ಲ. ಪ್ರೆಸ್ಸಿನವರು ಅವಸರ ಮಾಡುತ್ತಿದ್ದ ಒಂದು ಮಧ್ಯಾಹ್ನ, ಚಹಾ ಆರುವುದರೊಳಗೆ ಗೀಚಿ ಮುಗಿಸಿದ ಸಾಲುಗಳವು. ಹಾಡಿದವಳು ಎಲ್ಲೋ ಕಳೆದುಹೋಗಿದ್ದಾಳೆ ಎಂದರೆ ಹಾಡು ಇನ್ನಷ್ಟು ಅಪರೂಪವಾಗುತ್ತದಲ್ಲ! ಈ ಸಂಗತಿ ಗೊತ್ತಿದ್ದವಳು ಒಬ್ಬಳೇ, ಅಂಗಡಿಯ ಮೂಲೆಯಲ್ಲಿ ಕೂತು ಪಾರ್ಸೆಲ್‌ಗೆ ಟೇಪು ಸುತ್ತುತ್ತಿದ್ದ ಅವನ ಅಕ್ಕ.

"ಹಳೇ ಡಾನ್ಸ್ ಹಾಲ್ ಹತ್ತಿರ ವಿಚಾರಿಸಿದೆ ಅಮ್ಮಾ," ಎಂದ. "ರೇಡಿಯೋದವರನ್ನ ಕೇಳಿದೆ. ಆಮೇಲೆ... ಸ್ಟೇಷನ್ ಹಿಂದಿನ ಗಲ್ಲಿಗಳಲ್ಲೂ ಸುತ್ತಾಡಿದೆ."

"ಅಯ್ಯೋ, ಎಷ್ಟು ಕಷ್ಟ ಕೊಟ್ಟೆ ನಿಮಗೆ. ಮೂವತ್ತು ವರ್ಷ ಈಜುಕೊಳದ ಕಿಟಕೀಲಿ ಟಿಕೆಟ್ ಹರೀತಾ ಕೂತಿದ್ದೆ ನಾನು. ಅರ್ಧ ಊರಿಗೆ ನನ್ನ ಮುಖ ಗೊತ್ತು." ಆಕೆ ಚುಚ್ಚಿ ಆಡಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಆಕೆಯ ಮುಖ ನಿಜವಾಗಿಯೂ ಅರಳಿತ್ತು. "ನಮ್ಮನೆಯವರಾದರೂ ನನ್ನನ್ನ ಮೂರು ದಿನ ಹುಡುಕಿ ಸುಮ್ಮನಾಗ್ತಿದ್ರು. ನೀವು ಮೂರು ವರ್ಷ ಹುಡುಕಿದ್ದೀರಿ!"

ಅವನು ನೀರು ಕುಡಿದ. ಅಕ್ಕನ ಕಡೆ ನೋಡಲು ಧೈರ್ಯ ಬರಲಿಲ್ಲ.

"ಇನ್ನೊಂದು ಕೇಳಬೇಕಿತ್ತು," ಎಂದು ಆಕೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಆ ಟ್ರಂಪೆಟ್‌ನವನು ನನ್ನ ನೆನಪೇ ಇಲ್ಲ ಅಂದನಲ್ಲ, ಆಗ ಅವನ ಮುಖ ಹೇಗಿತ್ತು? ನಮ್ಮ ಮೇಲಿನ ಮನೇಲೇ ಇರೋದು ಅವನು, ಮೂವತ್ತೆಂಟು ವರ್ಷದಿಂದ. ದಿನಾ ಸಂಜೆ ಇಳಿದು ಬರ್ತಿದ್ದ, ಇಸ್ಪೀಟ್ ಆಡ್ತಿದ್ವಿ. ಸೋತ್ರೆ ಎಲೆ ಎಸೆದು ಎದ್ದು ಹೋಗೋನು, ಮಾರನೇ ದಿನ ಮತ್ತೆ ಹಾಜರು. ಇದನ್ನ ಓದಿದ ಮೇಲೆ ಏಳು ತಿಂಗಳಾಯ್ತು, ನಾನು ಬಾಗಿಲೇ ತೆಗೆದಿಲ್ಲ. ಒಂದು ಸಲ ನಿಮ್ಮ ಪುಸ್ತಕ ಕೈಲಿ ಹಿಡ್ಕೊಂಡೇ ಬಂದಿದ್ದ. ನನ್ನನ್ನ ಯಾರೂ ಬಂದು ಕೇಳೇ ಇಲ್ಲ ಕಣೇ ಅಂದ. ಅಚ್ಚು ಹಾಕಿಸಿದವರು ಸುಳ್ಳು ಬರೀತಾರಾ? ಮುಖದ ಮೇಲೇ ಬಾಗಿಲು ಹಾಕಿಬಿಟ್ಟೆ."

ಮೂಲೆಯಲ್ಲಿ ಪಾರ್ಸೆಲ್‌ಗೆ ಟೇಪು ಸುತ್ತುತ್ತಿದ್ದ ಸದ್ದು ನಿಂತಿತು.

"ಈಗ ಅನ್ನಿಸ್ತಿದೆ, ತಮಾಷೆಗೆ ಅಂದಿರಬಹುದು. ಮೊದಲಿಂದ ಅವನು ಹಾಗೇನೇ. ನಗ್ತಾ ಅಂದಿದ್ರೆ ಹೋಗಲಿ ಅಂತ ಬಿಟ್ಟುಬಿಡ್ತೀನಿ. ನೀವೇ ಎದುರಿಗಿದ್ದವರಲ್ವಾ, ಹೇಳಿ. ನಗ್ತಾ ಅಂದನಾ?"

ಹೌದು ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಮುದುಕಿ ಸಂತೋಷವಾಗಿ ಹೋಗುತ್ತಾಳೆ, ಮೇಲಿನ ಮನೆಯವನು ಇಂದು ಸಂಜೆಯೇ ಇಳಿದು ಬರುತ್ತಾನೆ, ಇಸ್ಪೀಟಿನ ಎಲೆ ಹಂಚಿಕೊಳ್ಳುತ್ತಾರೆ. ಆಡದ ಮಾತಿಗೆ ಅವನು ಕ್ಷಮೆ ಪಡೆದುಕೊಂಡು ಕೂತಿರುತ್ತಾನೆ, ಅಷ್ಟೇ. ನಾಲಿಗೆಯ ತುದಿಗೆ ಬಂದಿದ್ದ 'ಹೌದು' ಅಲ್ಲೇ ಅಂಟಿಕೊಂಡಿತು.

"ಹೇಳೋ," ಎಂದಳು ಅಕ್ಕ, ಕತ್ತರಿ ಕೆಳಗಿಟ್ಟು.

"ನಾನು ಅವರನ್ನ ಕೇಳೇ ಇಲ್ಲ," ಎಂದ ಅವನು. ದನಿ ತನ್ನದಲ್ಲವೆನ್ನಿಸಿತು. "ಅವರು ಹೇಗಿದ್ದಾರೆ ಅಂತಲೂ ನನಗೆ ಗೊತ್ತಿಲ್ಲ. ನಿಮ್ಮನ್ನೂ ಹುಡುಕಲಿಲ್ಲ. ಎಲ್ಲಾ ಇಲ್ಲೇ, ಈ ಮೇಜಿನ ಮೇಲೇ ಕೂತು ಬರೆದಿದ್ದು."

ಆಕೆ ಬೈಯಲಿಲ್ಲ. "ಹುಡುಕಲೇ ಇಲ್ವಾ?" ಎಂದಳು, ಅಷ್ಟೇ. ಅರಳಿದ್ದ ಮುಖ ಮೊದಲಿನಂತಾಯಿತು. ಅವನಿಗೆ ಕಿವಿಯವರೆಗೂ ಬಿಸಿಯೇರಿತು. ಐವತ್ತು ದಾಟಿದ ಗಂಡಸು, ಅಕ್ಕನ ಮುಂದೆ, ಅಪರಿಚಿತ ಹೆಂಗಸಿನ ಮುಂದೆ, ಕಣ್ಣು ಎಲ್ಲಿಡುವುದೆಂದು ತಿಳಿಯದೆ ಮೇಜಿನ ಅಂಚು ಕೆರೆಯುತ್ತ ನಿಂತ. ನಾಚಿಕೆಯಿಂದ ಸತ್ತೇ ಹೋಗಬೇಕೆನ್ನಿಸಿತು.

"ತಪ್ಪಾಯ್ತಮ್ಮಾ. ಈಗಲೇ ನಿಮ್ಮ ಜೊತೆ ಬರ್ತೀನಿ. ಅವರ ಮುಂದೆ ನಿಂತು ಎಲ್ಲಾ ಬಾಯಿಬಿಟ್ಟು ಹೇಳ್ತೀನಿ."

"ಹೇಳಿ ಏನು ಮಾಡ್ತೀರಿ? ಅವನ ಕಿವಿ ಹೋಗಿ ಹತ್ತು ವರ್ಷ ಆಯ್ತು." ಆಕೆ ಮೇಜಿನ ಮೇಲಿದ್ದ ಪೆನ್ನನ್ನು ಅವನ ಕಡೆ ಸರಿಸಿದಳು. "ಬರೆದುಕೊಡಿ. ಆ ಇಡೀ ಆಲ್ಬಮ್‌ನಲ್ಲಿ ಅವನಿಗೆ ದಕ್ಕಿದ್ದು ನೀವು ಬರೆದಿದ್ದೊಂದೇ."