ಮೂರು ಕಡೆ ಇಟ್ಟ ದನಿ

ಎಂಟರ್ ಒತ್ತಿದ ಮರುಕ್ಷಣವೇ ಸೊಸೆಗೆ ತನ್ನ ತಪ್ಪು ಗೊತ್ತಾಯಿತು. ಮನೆಯ ಸರ್ವರ್‌ ಸರಿಯಿದೆಯೇ ಎಂದು ಪರೀಕ್ಷಿಸಲು ತುಂಬಿದ್ದ ಸುಳ್ಳು ಕಡತಗಳ ಬದಲು, ತೀರಿಹೋದ ಗಂಡನ ದನಿಯ ತುಣುಕುಗಳನ್ನೆಲ್ಲ ಅಳಿಸಿಬಿಟ್ಟಿದ್ದಳು.

ಪಕ್ಕದಲ್ಲಿ ಅತ್ತೆ ಆಗಲೇ ಹೆಡ್‌ಫೋನ್ ಏರಿಸಿ ಕೂತಿದ್ದರು. ಊಟವಾದ ಮೇಲೆ ಮಗನ ದನಿ ಕೇಳದಿದ್ದರೆ ಅವರಿಗೆ ಕಣ್ಣು ಹತ್ತುತ್ತಿರಲಿಲ್ಲ.

"ಮಾತ್ರೆ ತಗೊಂಡ್ಯಾ ಅಂತ ಗದರ್ತಾನಲ್ಲ, ಅದನ್ನ ಹಾಕಮ್ಮ."

"ಒಂದ್ನಿಮಿಷ ಅತ್ತೆ, ಏನೋ ಆಗಿದೆ."

"ಅದಕ್ಯಾಕೆ ಗಾಬರಿ? ಒಂದು ಕೆಟ್ರೆ ಇನ್ನೊಂದು ಎದ್ದು ನಿಲ್ಲುತ್ತೆ ಅಂತ ನೀನೇ ಹೇಳಿದ್ಯಲ್ಲ. ಮೂರು ಕಡೆ ಇಟ್ಟಿದ್ದೀಯ, ಬೇರೆದರಲ್ಲಿ ಹಾಕು."

ಕಪಾಟಿನ ಮೇಲಿದ್ದ ಎರಡನೆಯ ಸರ್ವರನ್ನು ಅವಳು ತೆರೆದು ನೋಡಿದಳು, ಖಾಲಿಯಾಗಿತ್ತು. ಮೂರನೆಯದೂ ಖಾಲಿ. ಯಾವುದೂ ಕೆಟ್ಟಿರಲಿಲ್ಲ. ಮೊದಲನೆಯದರಲ್ಲಿ ಏನೇ ಬದಲಾದರೂ ಆ ಕ್ಷಣವೇ ನಕಲು ಮಾಡಿಕೊಳ್ಳುವಂತೆ ಉಳಿದೆರಡಕ್ಕೂ ಅವಳೇ ಕಲಿಸಿದ್ದಳು. ಅಳಿಸಿದ್ದನ್ನೂ ಅವು ಅಷ್ಟೇ ನಿಷ್ಠೆಯಿಂದ ನಕಲು ಮಾಡಿಕೊಂಡಿದ್ದವು. ಮೂರರ ಮೇಲೂ ಹಸಿರು ದೀಪ ನೆಮ್ಮದಿಯಾಗಿ ಮಿನುಗುತ್ತಿತ್ತು.

"ಅತ್ತೆ..." ಎಂದಳು.

ಅತ್ತೆ ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

"ಶ್! ಸುಮ್ನಿರೇ, ಉಸಿರೆಳ್ಕೊಳ್ತಿದಾನೆ. ಈಗ ಮಾತಾಡ್ತಾನೆ."